ಫಿರ್ಯಾದಿ

ತಾಲ್ಲೂಕು ಕೇಂದ್ರದ ನ್ಯಾಯಾಲಯದ ಅಂಗಳದಲ್ಲಿ ಬೆಳಗಿನ ಹತ್ತು ಗಂಟೆಯಿಂದಲೇ ಜನ ಸೇರತೊಡಗುತ್ತಾರೆ. ಬೇವಿನ ಮರದ ನೆರಳಿನಲ್ಲಿ ಕೆಲವರು, ಜೆರಾಕ್ಸ್ ಅಂಗಡಿಯ ಮುಂದೆ ಕೆಲವರು, ವಕೀಲರ ಕಪ್ಪು ಕೋಟಿನ ಹಿಂದೆಯೇ ಹೆಜ್ಜೆ ಹಾಕುವವರು ಕೆಲವರು. ಅಲ್ಲಿ ಅರ್ಧ ಗಂಟೆ ನಿಂತು ಕಿವಿಗೊಟ್ಟರೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಅಷ್ಟಾಗಿ ಕೇಳಿಬರದ ಮಾತುಗಳು ಒಂದರ ಮೇಲೊಂದು ಬೀಳುತ್ತವೆ. ವಕಾಲತ್ತು, ಜಾಮೀನು, ವಾಯಿದೆ, ತಕರಾರು, ಜಪ್ತಿ, ರಾಜಿ, ಅಮೀನ. ಇವುಗಳ ನಡುವೆ ಗುಮಾಸ್ತನೊಬ್ಬ, "ಫಿರ್ಯಾದಿ ಬಂದಿದ್ದಾರೆಯೇ?" ಎಂದು ವಿಚಾರಿಸುತ್ತಾನೆ. ಬಾಗಿಲ ಬಳಿಯ ಜವಾನ ಹೆಸರು ಹಿಡಿದು ಕೂಗುತ್ತಾನೆ. ಗುಂಪಿನೊಳಗಿನಿಂದ ಒಬ್ಬರು ಎದ್ದು, ಚಪ್ಪಲಿಯನ್ನು ಹೊರಗೆ ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ, ಒಳಗೆ ಹೋಗುತ್ತಾರೆ. ಅವರಿಗೆ ಊರಿನಲ್ಲಿ ಹೆಸರಿದೆ, ಕಸುಬಿದೆ, ನೆಂಟರಿದ್ದಾರೆ. ಆ ಹೊಸ್ತಿಲಿನ ಒಳಗೆ ಮಾತ್ರ ಅವರ ಗುರುತು ಒಂದೇ: ಫಿರ್ಯಾದಿ.

ಈ ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿದರೆ 'ದೂರು ಕೊಟ್ಟವನು' ಎಂದಿರುತ್ತದೆ. ಅಷ್ಟಕ್ಕೇ ತೃಪ್ತರಾಗಿ ಮುಂದೆ ಹೋಗಬಹುದು. ಆದರೆ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದೆಂಬುದು ಮನುಷ್ಯ ಆಡುವ ಮಾತುಗಳಲ್ಲೆಲ್ಲ ಭಾರವಾದ ಮಾತು. ಅದನ್ನು ಆಡುವವನಿಗೆ ಒಂದು ಸಮಾಜ ಯಾವ ಹೆಸರನ್ನಿಟ್ಟಿದೆ, ಆ ಹೆಸರಿನೊಡನೆ ಯಾವ ಹೊಣೆಯನ್ನು ಕಟ್ಟಿದೆ ಎಂಬುದನ್ನು ಸ್ವಲ್ಪ ನಿಧಾನಿಸಿ ನೋಡುವುದು ವ್ಯರ್ಥವಾಗಲಾರದು.

'ಫಿರ್ಯಾದಿ' ಪಾರಸಿಯಿಂದ ಬಂದ ಪದ. ಮೂಲದಲ್ಲಿ 'ಫರ್ಯಾದ್' ಎಂದರೆ ಕೂಗು. ಸಂಕಟದಲ್ಲಿರುವವನು ನೆರವಿಗಾಗಿ ಇಡುವ ಮೊರೆ. ಅದಕ್ಕೆ ಕೊನೆಯಲ್ಲಿ 'ಈ' ಸೇರಿದರೆ ಹಾಗೆ ಕೂಗಿದವನು ಎಂದಾಗುತ್ತದೆ. ಬಹಮನಿ ಮತ್ತು ಬಿಜಾಪುರದ ಸುಲ್ತಾನರ ಆಳ್ವಿಕೆಯಲ್ಲಿ, ಮುಂದೆ ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ, ಕಚೇರಿಯ ವ್ಯವಹಾರಕ್ಕೆ ಪಾರಸಿಯ ಬಳಕೆಯಿತ್ತು. ಅರ್ಜಿ, ಹುಕುಂ, ವಕೀಲ, ಕೈದಿ ಮೊದಲಾದ ನೂರಾರು ಪದಗಳೊಡನೆ ಇದೂ ಕನ್ನಡಕ್ಕೆ ಇಳಿಯಿತು. ಮರಾಠಿ, ತೆಲುಗು, ಗುಜರಾತಿ, ಹಿಂದಿ ಭಾಷೆಗಳಲ್ಲಿಯೂ ಸ್ವಲ್ಪ ಸ್ವಲ್ಪ ಉಚ್ಚಾರಭೇದದೊಡನೆ ಇದೇ ಪದವಿದೆ. ಇಂಗ್ಲಿಷರು ಬಂದು ತಮ್ಮ ನ್ಯಾಯಪದ್ಧತಿಯನ್ನು ತಂದರೂ ಜನರ ಬಾಯಲ್ಲಿ ನೆಲೆಸಿದ್ದ ಈ ಮಾತುಗಳನ್ನು ಕೀಳಲಾಗಲಿಲ್ಲ.

ಕೂಗಿನ ಅರ್ಥ ಇದರಲ್ಲಿ ಎಷ್ಟು ಆಳವಾಗಿತ್ತೆಂಬುದಕ್ಕೆ ಸಾಹಿತ್ಯದಲ್ಲೊಂದು ಸಾಕ್ಷಿಯಿದೆ. ಉರ್ದುವಿನ ಮಹಾಕವಿ ಮಿರ್ಜಾ ಗಾಲಿಬನ (1797–1869) ಕಾವ್ಯಸಂಗ್ರಹದ ಮೊಟ್ಟಮೊದಲ ದ್ವಿಪದಿಯಲ್ಲಿಯೇ ಫಿರ್ಯಾದಿಯೊಬ್ಬನು ಬರುತ್ತಾನೆ. ಅವನು ತೊಟ್ಟದ್ದು ಕಾಗದದ ಉಡುಪು. ಓದುಗರಿಗೆ ಇದು ಒಗಟಾದಾಗ ಕವಿಯೇ ಪತ್ರವೊಂದರಲ್ಲಿ ಬಿಡಿಸಿ ಹೇಳಿದನು: ಇರಾನಿನಲ್ಲಿ ನ್ಯಾಯ ಬೇಡುವವನು ಕಾಗದದ ಬಟ್ಟೆ ತೊಟ್ಟು ದೊರೆಯ ಮುಂದೆ ನಿಲ್ಲುವ ರೂಢಿಯಿತ್ತಂತೆ. ಗುಂಪಿನಲ್ಲಿ ಕೂಗಿದರೆ ಕೇಳಿಸದು; ಕಾಗದ ತೊಟ್ಟವನು ಕಣ್ಣಿಗೆ ಬೀಳದಿರಲಾರನು. ಮೊಗಲ್ ದೊರೆ ಜಹಾಂಗೀರನು 1605ರಲ್ಲಿ ಪಟ್ಟಕ್ಕೆ ಬಂದೊಡನೆ ಆಗ್ರಾ ಕೋಟೆಯಿಂದ ನದಿಯ ದಡದವರೆಗೆ ಅರವತ್ತು ಗಂಟೆಗಳಿದ್ದ ಚಿನ್ನದ ಸರಪಳಿಯನ್ನು ಕಟ್ಟಿಸಿದುದಾಗಿ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅನ್ಯಾಯಕ್ಕೊಳಗಾದವನು ಅದನ್ನು ಎಳೆದು ದೊರೆಗೆ ಕೇಳಿಸುವಂತೆ ಮಾಡಬಹುದಿತ್ತು. ಎಷ್ಟು ಮಂದಿ ಬಡವರು ಕಾವಲುಗಾರರನ್ನು ದಾಟಿ ಆ ಸರಪಳಿಯನ್ನು ಮುಟ್ಟಿದರೋ ಬೇರೆ ಮಾತು. ಅಂತೂ ಫಿರ್ಯಾದಿಯ ಮೊದಲ ಕಷ್ಟ, ತನ್ನ ಕೂಗು ಕೇಳಿಸುವಂತೆ ಮಾಡುವುದೇ ಆಗಿತ್ತು.

ಕನ್ನಡಕ್ಕೆ ಇದು ಹೊಸ ಕಲ್ಪನೆಯೇನೂ ಆಗಿರಲಿಲ್ಲ. 'ಮೊರೆ' ಎಂಬ ನಮ್ಮ ಮಾತು 'ಫರ್ಯಾದ್' ಎಂಬುದಕ್ಕೆ ಒಡಹುಟ್ಟಿದಂತಿದೆ. ಹಳಗನ್ನಡದ 'ಪುಯ್ಯಲ್' ಎಂಬುದು ಮುಂದೆ 'ಹುಯಿಲು' ಆಯಿತು. ಅದಕ್ಕೂ ಬೊಬ್ಬೆ, ಗೋಳು ಎಂಬುದೇ ಅರ್ಥ. ಇನ್ನು 'ದೂರು'. ಇದನ್ನು 'ಬಹಳ ಅಂತರ' ಎಂಬರ್ಥದ ಸಂಸ್ಕೃತದ 'ದೂರ'ದೊಡನೆ ಬೆರೆಸಬಾರದು. ಇದು ಅಚ್ಚಗನ್ನಡದ ಪದ. ಹಿಂದೆ ಶಕಟರೇಫವನ್ನು ಹಾಕಿ 'ದೂಱು' ಎಂದು ಬರೆಯುತ್ತಿದ್ದರು. ನಿಂದಿಸು, ತಪ್ಪು ಹೊರಿಸು ಎಂಬುದೇ ಅದರ ಮೂಲ ಅರ್ಥ. ಹೀಗೆ ಮೊರೆಯಲ್ಲಿ ನೋವು ಮಾತ್ರವಿದೆ. ದೂರಿನಲ್ಲಿ ಬೊಟ್ಟು ಮಾಡಿ ತೋರಿಸುವ ಬೆರಳೂ ಇದೆ. ಫಿರ್ಯಾದಿಯಲ್ಲಿ ಈ ಎರಡೂ ಕೂಡಿವೆ.

ಪಾರಸಿ ಬರುವುದಕ್ಕೆ ಮುನ್ನ ನಮ್ಮ ನಾಡಿನ ಪಂಡಿತರು ಇವನನ್ನು 'ಅರ್ಥಿ' ಎಂದು ಕರೆಯುತ್ತಿದ್ದರು. ಎದುರಾಳಿ 'ಪ್ರತ್ಯರ್ಥಿ'. ಯಾಜ್ಞವಲ್ಕ್ಯ ಸ್ಮೃತಿಯ ಎರಡನೆಯ ಭಾಗದಲ್ಲಿ ಈ ವಿಚಾರವೆಲ್ಲ ಬರುತ್ತದೆ. ಅದಕ್ಕೆ 'ಮಿತಾಕ್ಷರಾ' ಎಂಬ ಸುಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಕಲ್ಯಾಣ. ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಅಲ್ಲಿ ಹೇಳಿದೆ: ದೂರು, ಅದಕ್ಕೆ ಉತ್ತರ, ಪ್ರಮಾಣಗಳನ್ನೊಡ್ಡುವುದು, ನಿರ್ಣಯ. ಅರ್ಥಿಯು ಹೇಳಿದ್ದನ್ನು ಅವನು ಹೇಳಿದಂತೆಯೇ ಬರೆದುಕೊಳ್ಳಬೇಕು. ವರ್ಷ, ಮಾಸ, ಪಕ್ಷ, ದಿನಗಳನ್ನು ಕಾಣಿಸಬೇಕು. ಅದನ್ನೂ ಪ್ರತ್ಯರ್ಥಿಯ ಎದುರಿನಲ್ಲಿಯೇ ಬರೆಯಬೇಕು ಎಂಬುದು ನಿಯಮ. ಬೆನ್ನ ಹಿಂದೆ ಆಡಿದ ಮಾತು ದೂರಾಗುವುದಿಲ್ಲ. ಕಾತ್ಯಾಯನನ ಸ್ಮೃತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೂರನ್ನು ಮೊದಲು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಕರಡಾಗಿ ಬರೆದು, ತಿದ್ದಿ, ಆಮೇಲೆ ಓಲೆಗೆ ಏರಿಸಬೇಕೆಂದು ವಿಧಿಸಿದೆ. ಎದುರಾಳಿಯ ಉತ್ತರ ಬಂದ ಮೇಲೆ ತಿದ್ದುವಂತಿಲ್ಲ.

ಸುಳ್ಳು ದೂರಿಗೆ ದಂಡವೂ ಇತ್ತು. ಇಲ್ಲದ ಸಾಲವನ್ನು ಇದೆಯೆಂದು ದೂರಿದವನು, ತಾನು ಕೇಳಿದ ಹಣದ ಎರಡರಷ್ಟನ್ನು ತೆರಬೇಕಾಗಿತ್ತು. ಈ ಶಾಸ್ತ್ರಗಳಲ್ಲಿ ಮೆಚ್ಚಬೇಕಾದ ಸೂಕ್ಷ್ಮತೆ ಇದೆಯೆಂಬುದು ನಿಜ. ಆದರೆ ದೂರಿನಲ್ಲಿ ಜಾತಿಯನ್ನೂ ಬರೆಯಬೇಕೆಂದಿದ್ದ, ವರ್ಣಕ್ಕೆ ತಕ್ಕಂತೆ ಶಿಕ್ಷೆಯನ್ನು ಏರಿಸಿ ಇಳಿಸುತ್ತಿದ್ದ ವ್ಯವಸ್ಥೆ ಅದಾಗಿತ್ತೆಂಬುದನ್ನೂ ಮರೆಯಲಾಗದು. ಎಲ್ಲರ ಕೂಗೂ ಒಂದೇ ತೂಕದ್ದೆಂಬ ಭಾವನೆ ಅಲ್ಲಿರಲಿಲ್ಲ.

ದೂರುವವನನ್ನು ಅಂಕೆಯಲ್ಲಿಡುವ ಚಿಂತೆ ಭಾರತಕ್ಕೆ ಮಾತ್ರ ಸೇರಿದ್ದಲ್ಲ. ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದಲ್ಲಿ ಸರ್ಕಾರದ ಪರವಾಗಿ ಮೊಕದ್ದಮೆ ಹೂಡುವ ಅಧಿಕಾರಿಗಳಿರಲಿಲ್ಲ. ಸಾರ್ವಜನಿಕ ಅಪರಾಧದ ಬಗ್ಗೆ ಯಾವ ಪೌರನು ಬೇಕಾದರೂ ಎದ್ದುನಿಂತು ದೂರಬಹುದಾಗಿತ್ತು. ಇದರಿಂದ ಲಾಭವೂ ಆಯಿತು, ಕೇಡೂ ಆಯಿತು. ದೂರು ಕೊಡುವುದನ್ನೇ ಕಸುಬು ಮಾಡಿಕೊಂಡು, ಹಣವಂತರನ್ನು ಹೆದರಿಸಿ ಬದುಕುವ ಜನ ಹುಟ್ಟಿಕೊಂಡರು. ಆದ್ದರಿಂದ ನ್ಯಾಯದರ್ಶಿಗಳ ಮತಗಳಲ್ಲಿ ಐದನೆಯ ಒಂದು ಭಾಗವನ್ನಾದರೂ ಪಡೆಯಲಾರದ ಫಿರ್ಯಾದಿಗೆ ಸಾವಿರ ದ್ರಾಕ್ಮಾ ದಂಡವೆಂದು ಗೊತ್ತು ಮಾಡಿದರು. ಸಾಕ್ರಟೀಸನ ಕಥೆಯನ್ನು ಕೇಳಿದವರು ಅವನು ಕುಡಿದ ವಿಷದ ಬಟ್ಟಲನ್ನು ನೆನೆಯುತ್ತಾರೆ. ಅವನ ಮೇಲೆ ದೂರಿದವರನ್ನು ನೆನೆಯುವವರು ಕಡಿಮೆ. ಕ್ರಿಸ್ತಪೂರ್ವ 399ರಲ್ಲಿ ಅವನ ಮೇಲೆ ದೂರು ತಂದವನು ಮೆಲಿಟಸ್. ಅವನ ಬೆಂಬಲಕ್ಕೆ ಅನಿಟಸ್ ಮತ್ತು ಲೈಕಾನ್ ನಿಂತಿದ್ದರು. ಆ ಇಬ್ಬರು ಜೊತೆಗೆ ಬಾರದಿದ್ದರೆ ಮೆಲಿಟಸನು ಆ ಸಾವಿರ ದ್ರಾಕ್ಮಾ ದಂಡವನ್ನು ತೆರಬೇಕಾಗುತ್ತಿತ್ತು ಎಂದು ಸಾಕ್ರಟೀಸನು ನ್ಯಾಯಸಭೆಯಲ್ಲಿಯೇ ಲೆಕ್ಕ ಹಾಕಿ ಹಾಸ್ಯ ಮಾಡಿದುದನ್ನು ಅವನ ಶಿಷ್ಯ ಪ್ಲೇಟೋ ದಾಖಲಿಸಿದ್ದಾನೆ. ಸಾಯುವ ಶಿಕ್ಷೆ ಎದುರಿಗಿದ್ದಾಗಲೂ ಆ ಮುದುಕನ ಗಣಿತ ತಪ್ಪಲಿಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಇಂದಿನ ಕಾನೂನಿನಲ್ಲಿ ಫಿರ್ಯಾದಿಯ ಸ್ಥಾನವನ್ನು ತಿಳಿಯಲು ಒಂದು ಪ್ರಸಂಗವನ್ನು ಊಹಿಸಿಕೊಳ್ಳುವುದು ಅನುಕೂಲ.

ಒಂದು ಹಳ್ಳಿ. ಎರಡು ಎಕರೆ ಜಮೀನಿರುವ ವೃದ್ಧೆಯೊಬ್ಬಳಿದ್ದಾಳೆ. ಓದು ಬರಹ ತಿಳಿಯದು. ಒಂದು ಬೆಳಿಗ್ಗೆ ತೋಟಕ್ಕೆ ಹೋಗಿ ನೋಡಿದರೆ ಪಂಪುಮನೆಯ ಬೀಗ ಒಡೆದಿದೆ. ಐದು ಅಶ್ವಶಕ್ತಿಯ ಮೋಟಾರು ಇಲ್ಲ. ಬೇಸಿಗೆ ಕಾಲ. ಒಂದು ವಾರ ನೀರು ಹಾಯಿಸದಿದ್ದರೆ ಹಾಕಿದ ತರಕಾರಿ ಒಣಗಿಹೋಗುತ್ತದೆ. ಹಿಂದಿನ ತಿಂಗಳಷ್ಟೆ ಬದುವಿನ ಮೇಲಿನ ಹೊಂಗೆಯ ಮರದ ವಿಷಯದಲ್ಲಿ ಪಕ್ಕದ ಹೊಲದವರ ಮಗನಿಗೂ ಆಕೆಗೂ ಜಗಳವಾಗಿತ್ತು. 'ನೋಡ್ಕೋತೀನಿ' ಎಂದು ಆ ಹುಡುಗ ಹೇಳಿದ್ದನ್ನು ನಾಲ್ಕು ಜನ ಕೇಳಿದ್ದರು. ಮೋಟಾರು ಹೋದ ಸುದ್ದಿ ಹಬ್ಬಿದೊಡನೆ ಆ ನಾಲ್ವರೂ ಬಂದು ಅದನ್ನೇ ನೆನಪಿಸಿದರು. ಆಕೆ ಬಸ್ಸು ಹತ್ತಿ ಪೊಲೀಸ್ ಠಾಣೆಗೆ ಹೋದಳು.

ಕಳವಿನಂತಹ ಅಪರಾಧವನ್ನು ಕುರಿತು ದೂರು ಬಂದಾಗ ಠಾಣೆಯವರು ಅದನ್ನು ದಾಖಲಿಸದೆ ಕಳುಹಿಸುವಂತಿಲ್ಲ. ಪೊಲೀಸರು ನೇರವಾಗಿ ತನಿಖೆ ನಡೆಸಬಹುದಾದ ಅಪರಾಧ ನಡೆದಿದೆಯೆಂದು ದೂರಿನಿಂದ ಕಂಡುಬಂದರೆ ಅದನ್ನು ನೋಂದಾಯಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಸ್ಪಷ್ಟಪಡಿಸಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮತ್ತೊಂದು ಠಾಣೆಯಲ್ಲಿ ದೂರು ಕೊಡಬಹುದು. ವಿದ್ಯುನ್ಮಾನ ಸಾಧನದ ಮೂಲಕವೂ ಕೊಡಬಹುದು; ಹಾಗೆ ಕೊಟ್ಟವರು ಮೂರು ದಿನಗಳೊಳಗೆ ಸಹಿ ಹಾಕಬೇಕು. ಬರೆಯಲು ಬಾರದವರು ಬಾಯಿಯಿಂದ ಹೇಳಿದರೂ ಸಾಕು. ಠಾಣೆಯವರು ಅದನ್ನು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆದು, ನಕಲನ್ನು ಉಚಿತವಾಗಿ ಕೊಡಬೇಕು.

ಮುಖ್ಯಪೇದೆ ಎಲ್ಲವನ್ನೂ ಕೇಳಿ ಬರೆದುಕೊಂಡನು. ಕೊನೆಗೆ ಪೆನ್ನನ್ನು ಎತ್ತಿ, "ಯಾರ ಮೇಲಾದರೂ ಗುಮಾನಿ ಇದೆಯೇನಜ್ಜಿ?" ಎಂದು ಕೇಳಿದನು.

ಒಂದು ಮೊರೆ ದೂರಾಗಿ ತಿರುಗುವ ಸ್ಥಳ ಇದು. ಅಲ್ಲಿಯವರೆಗೆ ಆಕೆ ತನ್ನ ನಷ್ಟವನ್ನು ಹೇಳಿಕೊಂಡಿದ್ದಳು. ಇನ್ನು ಆಡುವ ಮಾತಿನಲ್ಲಿ ಮತ್ತೊಬ್ಬನ ಹೆಸರು ಬರುತ್ತದೆ. ಆ ಹೆಸರು ಕಾಗದಕ್ಕೆ ಇಳಿಯುತ್ತದೆ. ಕಾಗದ ನ್ಯಾಯಾಧೀಶರ ಬಳಿಗೆ ಹೋಗುತ್ತದೆ. ಆಕೆ ಹುಡುಗನ ಹೆಸರನ್ನು ಹೇಳಿದಳು. ಜಗಳದ ಸಂಗತಿಯನ್ನೂ ಹೇಳಿದಳು.

ಬರೆದದ್ದನ್ನು ಮುಖ್ಯಪೇದೆ ಓದಿ ಹೇಳಿದಾಗ ಅದರಲ್ಲಿ, 'ಹಳೆಯ ದ್ವೇಷದಿಂದ ಸದರಿ ವ್ಯಕ್ತಿಯು ಮೋಟಾರನ್ನು ಕಳವು ಮಾಡಿರುತ್ತಾನೆ' ಎಂಬ ವಾಕ್ಯವಿತ್ತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕದ್ದಿದ್ದನ್ನ ನಾನು ಕಂಡಿಲ್ಲ ಸ್ವಾಮಿ" ಎಂದಳು.

"ಗುಮಾನಿ ಇದೆ ಅಂದಿರಲ್ಲ?"

"ಗುಮಾನಿ ಇದೆ. ಜಗಳ ಆಗಿದ್ದು ದಿಟ. ರಾತ್ರಿ ತೋಟದ ಕಡೆ ಟೆಂಪೋ ಸದ್ದು ಕೇಳಿದ್ದು ದಿಟ. ಅಷ್ಟು ಬರಕೊಳ್ಳಿ."

ಮುಖ್ಯಪೇದೆ ಆ ವಾಕ್ಯವನ್ನು ಹೊಡೆದುಹಾಕಿ ಬೇರೆ ಹಾಳೆಯಲ್ಲಿ ಹೊಸದಾಗಿ ಬರೆದನು. ಅವನಿಗೆ ಅರ್ಧ ಗಂಟೆಯ ಕೆಲಸ ಹೆಚ್ಚಾಯಿತು, ಗೊಣಗಿದ್ದರೂ ಗೊಣಗಿರಬಹುದು.

'ಕದ್ದಿರುತ್ತಾನೆ' ಎಂಬುದಕ್ಕೂ 'ಅನುಮಾನವಿರುತ್ತದೆ' ಎಂಬುದಕ್ಕೂ ಇರುವ ವ್ಯತ್ಯಾಸ ವ್ಯಾಕರಣದಲ್ಲಿ ಅಲ್ಪ, ಕಾನೂನಿನಲ್ಲಿ ಅಪಾರ. ಒಬ್ಬನಿಗೆ ಕೇಡು ಮಾಡುವ ಉದ್ದೇಶದಿಂದ, ಆಧಾರವಿಲ್ಲವೆಂದು ತಿಳಿದೂ ಅವನ ಮೇಲೆ ಅಪರಾಧವನ್ನು ಹೊರಿಸುವುದು ತಾನೇ ಒಂದು ಅಪರಾಧ. 1860ರ ಭಾರತೀಯ ದಂಡ ಸಂಹಿತೆಯ 211ನೆಯ ಕಲಮಿನಲ್ಲಿದ್ದ ಈ ವಿಧಿ ಈಗಿನ ಭಾರತೀಯ ನ್ಯಾಯ ಸಂಹಿತೆಯ 248ನೆಯ ಕಲಮಿನಲ್ಲಿದೆ. ಆದರೆ ನಂಬಿ ದೂರಿದ್ದು ಕೊನೆಗೆ ರುಜುವಾತಾಗದೆ ಹೋದರೆ ಅದರಿಂದಲೇ ಫಿರ್ಯಾದಿ ಸುಳ್ಳುಗಾರನಾಗುವುದಿಲ್ಲ. ದೂರು ಸಾಬೀತಾಗದಿರುವುದು ಬೇರೆ, ಸುಳ್ಳಾಗಿರುವುದು ಬೇರೆ. ಇದನ್ನು ತಿಳಿಯದೆ, ಆರೋಪಿ ಬಿಡುಗಡೆಯಾದೊಡನೆ ಫಿರ್ಯಾದಿಯನ್ನು ಹಳಿಯುವ ಅಭ್ಯಾಸ ಜನರಲ್ಲಿದೆ. ಅದಕ್ಕೆ ಅಂಜಿಯೇ ಎಷ್ಟೋ ಮಂದಿ, ಅದರಲ್ಲಿಯೂ ಹೆಣ್ಣುಮಕ್ಕಳು, ಠಾಣೆಯ ಮೆಟ್ಟಿಲನ್ನೇ ಹತ್ತುವುದಿಲ್ಲ.

ಇಲ್ಲಿ ಪದಗಳ ಬಳಕೆಯಲ್ಲಿಯೇ ಒಂದು ತೊಡಕಿದೆ. ವಾದಿ ಎಂದರೆ ವಾದಿಸುವವನು. ಫಿರ್ಯಾದಿ ಎಂದರೆ ಫಿರ್ಯಾದು ಮಾಡುವವನು. ಹಾಗಾದರೆ ಆರೋಪಿ ಎಂದರೆ ಆರೋಪಿಸುವವನಾಗಬೇಕಲ್ಲವೇ? ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ದೊಡ್ಡವರಿಗೂ ಈ ಸಂದೇಹ ಬರುವುದುಂಟು. ಬಳಕೆಯಲ್ಲಿ ಇದು ತಿರುಗುಮುರುಗಾಗಿದೆ: ಆರೋಪವನ್ನು ಮಾಡಿದವನು ಫಿರ್ಯಾದಿ, ಆರೋಪವನ್ನು ಹೊತ್ತವನು ಆರೋಪಿ. 'ಇ' ಎಂಬ ಪ್ರತ್ಯಯವು ಮಾಡುವವನನ್ನು ಹೇಳುವಂತೆ ಉಳ್ಳವನನ್ನೂ ಹೇಳುತ್ತದೆ. ರೋಗವುಳ್ಳವನು ರೋಗಿ, ಹಾಗೆಯೇ ಆರೋಪವುಳ್ಳವನು ಆರೋಪಿ. ಪಾರಸಿಯ 'ಈ' ಕೂಡ ಹೀಗೆಯೇ. ಕೈದಿ ಎಂದರೆ ಕೈದು ಮಾಡಿದವನಲ್ಲ, ಕೈದಿನಲ್ಲಿ ಇರುವವನು.

'ಆರೋಪ' ಎಂಬ ಪದವನ್ನೂ ಸ್ವಲ್ಪ ಬಿಡಿಸಿ ನೋಡಬಹುದು. ಏರಿಸು, ಮೇಲೆ ಇಡು ಎಂಬುದು ಅದರ ಮೂಲಾರ್ಥ. ಬಿಲ್ಲಿಗೆ ಹೆದೆಯನ್ನು ಏರಿಸುವುದೂ ಆರೋಪಣವೇ. ಅಲಂಕಾರಗಳನ್ನು ಓದಿದವರಿಗೆ ಈ ಪದ ಮತ್ತೊಂದು ಕಡೆ ಪರಿಚಿತ. ಉಪಮೇಯದ ಮೇಲೆ ಉಪಮಾನವನ್ನು ಆರೋಪಿಸಿದರೆ ರೂಪಕಾಲಂಕಾರವಾಗುತ್ತದೆ. 'ಮುಖಕಮಲ' ಎಂದಾಗ ಮುಖದಲ್ಲಿ ದಳಗಳಿಲ್ಲ, ಕೇಸರವಿಲ್ಲ. ಕವಿ ಅಲ್ಲಿ ಕಮಲವನ್ನು ತಂದು ಇಟ್ಟಿದ್ದಾನೆ. ನ್ಯಾಯಾಲಯದಲ್ಲಿಯೂ ಆರೋಪವೆಂದರೆ ಒಬ್ಬನ ಮೇಲೆ ತಂದು ಇಟ್ಟದ್ದು. ಅದು ಅವನಲ್ಲಿ ನಿಜವಾಗಿಯೂ ಇದೆಯೇ ಎಂಬುದನ್ನು ಸಾಕ್ಷ್ಯದಿಂದ ನೋಡಬೇಕು. ಇದೆಯೆಂದು ತೀರ್ಮಾನವಾದ ಮೇಲೆ ಮಾತ್ರ ಅವನು 'ಅಪರಾಧಿ'. ಅಲ್ಲಿಯವರೆಗೆ 'ಕಳ್ಳ', 'ಕೊಲೆಗಾರ' ಎಂದು ಬರೆಯುವುದು, ಕಟ್ಟೆಯ ಮೇಲೆ ಕುಳಿತು ಆಡುವುದು, ಇಂದು ಕೈಯಲ್ಲಿರುವ ಮೊಬೈಲಿನಿಂದ ಊರಿಗೆಲ್ಲ ಕಳುಹಿಸುವುದು ತಪ್ಪು. ಹಲಗೆಯ ಮೇಲಿನ ಬರಹವನ್ನು ತಿದ್ದಬಹುದು. ಹೀಗೆ ಹಾರಿಹೋದ ಮಾತನ್ನು ತಿದ್ದಲು ಯಾವ ಕಾತ್ಯಾಯನನಿಗೂ ಸಾಧ್ಯವಿಲ್ಲ.

ಫಿರ್ಯಾದಿ, ವಾದಿ, ಅರ್ಜಿದಾರ ಎಂಬ ಪದಗಳನ್ನು ಒಂದರ ಬದಲು ಒಂದನ್ನು ಬಳಸುವಂತಿಲ್ಲ. ಹೊಲದ ಒಡೆತನ, ಸಾಲದ ವಸೂಲಿ, ಆಸ್ತಿಯ ಪಾಲು ಮುಂತಾದವುಗಳಿಗಾಗಿ ದಾವೆ ಹೂಡಿದವನು ವಾದಿ; ಅವನಿಗೆ ಎದುರಾದವನು ಪ್ರತಿವಾದಿ. ಉಚ್ಚ ನ್ಯಾಯಾಲಯದಲ್ಲಿ ಸರ್ಕಾರದ ಆದೇಶವನ್ನು ಪ್ರಶ್ನಿಸಿದರೆ ಅರ್ಜಿದಾರ. ತೀರ್ಪಿನ ಮೇಲೆ ಮೇಲ್ಮನವಿ ಸಲ್ಲಿಸಿದರೆ ಮೇಲ್ಮನವಿದಾರ. ಅಪರಾಧದ ಪ್ರಕರಣದಲ್ಲಿ ಮಾತ್ರ ಫಿರ್ಯಾದಿ. 'ಪಿರ್ಯಾದಿ', 'ಫಿರ್ಯಾದಿ' ಎಂಬ ಎರಡು ಬರವಣಿಗೆಗಳೂ ಕಾಗದಪತ್ರಗಳಲ್ಲಿ ಕಾಣುತ್ತವೆ. ಕೆಲವರು ದೂರಿನ ಪತ್ರವನ್ನೇ ಫಿರ್ಯಾದಿ ಎಂದು ಕರೆದು, ಅದನ್ನು ಕೊಟ್ಟವನಿಗೆ 'ಫಿರ್ಯಾದಿದಾರ' ಎಂಬ ಹೆಸರಿಟ್ಟಿದ್ದಾರೆ. ಪಾರಸಿ ಬಲ್ಲವರಿಗೆ ಇದು ಒಂದು ಪೇಟದ ಮೇಲೆ ಮತ್ತೊಂದು ಪೇಟ ಸುತ್ತಿದಂತೆ ಕಂಡೀತು. ಆದರೂ ರೂಢಿಗೆ ಬಂದಿರುವುದರಿಂದ ತಪ್ಪೆನ್ನಲಾಗದು. 'ದೂರುದಾರ' ಎಂಬುದು ಅರ್ಧ ಕನ್ನಡ, ಅರ್ಧ ಪಾರಸಿ. ಕೇಳಲು ಸರಳವಾಗಿರುವ ಕಾರಣ ಪತ್ರಿಕೆಗಳಲ್ಲಿ ಇದೇ ಹೆಚ್ಚು.

ಫಿರ್ಯಾದಿಯು ನೊಂದವನೇ ಆಗಿರಬೇಕೆಂಬ ನಿಯಮವಿಲ್ಲ. ದಾರಿಯಲ್ಲಿ ಹೋಗುವಾಗ ಅಪರಾಧವನ್ನು ಕಂಡ ಯಾರೇ ಆಗಲಿ ದೂರು ಕೊಡಬಹುದು. ಮಾನಹಾನಿಯಂತಹ ಕೆಲವು ಅಪರಾಧಗಳಲ್ಲಿ ಮಾತ್ರ ನೊಂದವರೇ, ಅಥವಾ ಕಾನೂನು ಒಪ್ಪುವ ಸಂದರ್ಭಗಳಲ್ಲಿ ಅವರ ಪರವಾಗಿ ಮತ್ತೊಬ್ಬರು, ಮುಂದೆ ಬರಬೇಕಾಗುತ್ತದೆ. ಠಾಣೆಗೆ ಹೋಗದೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರನ್ನು ಸಲ್ಲಿಸುವ ದಾರಿಯೂ ಇದೆ. ಆಗ ಫಿರ್ಯಾದಿಯನ್ನು ಪ್ರಮಾಣ ಮಾಡಿಸಿ ವಿಚಾರಿಸುತ್ತಾರೆ. ಹೊಸ ಸಂಹಿತೆಯ ಪ್ರಕಾರ, ಅಂತಹ ದೂರಿನ ಮೇಲೆ ಮುಂದುವರಿಯುವ ಮೊದಲು ಆರೋಪಿಗೂ ತನ್ನ ಮಾತನ್ನು ಹೇಳಲು ಅವಕಾಶ ಕೊಡಬೇಕು. ಪ್ರತ್ಯರ್ಥಿಯ ಎದುರಿನಲ್ಲಿಯೇ ದೂರನ್ನು ಬರೆಯಬೇಕೆಂಬ ಹಳೆಯ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಚೆಕ್ಕು ಅಮಾನ್ಯವಾದ ಮೊಕದ್ದಮೆಗಳು ಹೀಗೆ ಖಾಸಗಿ ದೂರಿನಿಂದಲೇ ನಡೆಯುವಂತಹವು. ಅವುಗಳ ಶಿರೋಲೇಖದಲ್ಲಿ ಒಂದು ಕಡೆ ಫಿರ್ಯಾದಿಯ ಹೆಸರು, ಇನ್ನೊಂದು ಕಡೆ ಆರೋಪಿಯ ಹೆಸರು ಇರುತ್ತದೆ.

ಠಾಣೆಯ ಮೂಲಕ ಹೋದ ಪ್ರಕರಣದಲ್ಲಿ ಹಾಗಲ್ಲ. ಅಲ್ಲಿ ಆರೋಪಿಯ ಎದುರಿಗೆ ಬರೆದಿರುವ ಹೆಸರು 'ಕರ್ನಾಟಕ ರಾಜ್ಯ' ಎಂದು. ವಾದಿಸುವವರು ಸರ್ಕಾರಿ ಅಭಿಯೋಜಕರು. ಫಿರ್ಯಾದಿಯು ಸಾಕ್ಷಿಗಳ ಪಟ್ಟಿಯಲ್ಲಿ, ಸಾಮಾನ್ಯವಾಗಿ ಮೊದಲನೆಯವನಾಗಿ, ಇರುತ್ತಾನೆ. ತನ್ನ ಜಗಳ ತನ್ನ ಕೈಯಿಂದ ಜಾರಿಹೋಯಿತೆಂದು ಕೆಲವರಿಗೆ ಇದರಿಂದ ಅಸಮಾಧಾನವಾಗುವುದುಂಟು. ಆದರೆ ಒಬ್ಬರಿಗಾದ ಅನ್ಯಾಯವನ್ನು ರಾಜ್ಯವೇ ತನಗಾದ ಅನ್ಯಾಯವೆಂದು ಎತ್ತಿಕೊಳ್ಳುವುದು, ಹಣವಾಗಲಿ ಬಲವಾಗಲಿ ಇಲ್ಲದವರಿಗೆ ಸಣ್ಣ ಆಸರೆಯೇನೂ ಅಲ್ಲ. ಹಾಗೆಂದು ಫಿರ್ಯಾದಿಯನ್ನು ಮರೆಯುವಂತೆಯೂ ಇಲ್ಲ. ತನಿಖೆ ಎಲ್ಲಿಯವರೆಗೆ ಬಂದಿದೆಯೆಂದು ತೊಂಬತ್ತು ದಿನಗಳೊಳಗೆ ಆತನಿಗೆ ತಿಳಿಸಬೇಕು. ಪ್ರಕರಣವನ್ನು ಮುಕ್ತಾಯಗೊಳಿಸುವ ವರದಿಯನ್ನು ಪೊಲೀಸರು ಸಲ್ಲಿಸಿದರೆ, ಅದನ್ನು ಒಪ್ಪುವ ಮೊದಲು ಫಿರ್ಯಾದಿಗೆ ತಿಳಿವಳಿಕೆ ಕೊಟ್ಟು ಅವನ ಮಾತನ್ನು ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ತೀರ್ಪು ಕೊಟ್ಟಿದೆ. ಕರ್ನಾಟಕದಲ್ಲಿ ಇಂತಹ ವರದಿಗಳಿಗೆ ಅಕ್ಷರಗಳ ಹೆಸರಿದೆ. ಆರೋಪಕ್ಕೆ ಆಧಾರವಿಲ್ಲವೆಂದು ಕಂಡುಬಂದರೆ 'ಬಿ' ವರದಿ. ಅಪರಾಧ ನಡೆದದ್ದು ನಿಜ, ಮಾಡಿದವರು ಪತ್ತೆಯಾಗಲಿಲ್ಲ ಎಂದಾದರೆ 'ಸಿ' ವರದಿ.

ವೃದ್ಧೆಯ ಪ್ರಕರಣದಲ್ಲಿ ಸಲ್ಲಿಕೆಯಾದದ್ದು ಎರಡನೆಯದು. ಪೊಲೀಸರು ಹುಡುಗನನ್ನು ಕರೆಸಿ ಎರಡು ಸಲ ವಿಚಾರಿಸಿದರು. ಆ ರಾತ್ರಿ ಅವನು ಬೇರೆ ಊರಿನಲ್ಲಿ, ಅಕ್ಕನ ಮನೆಯಲ್ಲಿ ಇದ್ದನೆಂದು ತಿಳಿದುಬಂದಿತು. ಟೆಂಪೋ ಯಾರದೆಂದು ಗೊತ್ತಾಗಲಿಲ್ಲ. ನ್ಯಾಯಾಲಯದಿಂದ ತಿಳಿವಳಿಕೆ ಪತ್ರ ಬಂದಾಗ ಆಕೆ ಶಾಲೆಗೆ ಹೋಗುವ ಮೊಮ್ಮಗಳಿಂದ ಅದನ್ನು ಓದಿಸಿಕೊಂಡಳು. ಪತ್ರದಲ್ಲಿ ತನ್ನ ಹೆಸರಿನ ಮುಂದೆ 'ಫಿರ್ಯಾದಿ' ಎಂದಿದ್ದುದನ್ನು ಕೇಳಿ, "ಹಂಗಂದ್ರೆ ಏನು ತಾಯಿ?" ಎಂದಳು. ಮೊಮ್ಮಗಳಿಗೆ ತಿಳಿಯಲಿಲ್ಲ, ನಾಳೆ ಮೇಷ್ಟ್ರನ್ನು ಕೇಳಿಕೊಂಡು ಬರುವುದಾಗಿ ಹೇಳಿದಳು.

ಅಷ್ಟು ಹೊತ್ತಿಗೆ ಸಾಲ ಮಾಡಿ ತಂದ ಬೇರೊಂದು ಮೋಟಾರು ತೋಟದಲ್ಲಿ ಓಡುತ್ತಿತ್ತು. ಒಂದು ಸಂಜೆ ಆಕೆ ಹೊಂಗೆಯ ಮರದ ಕೆಳಗೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿರುವಾಗ ಪಕ್ಕದ ಹೊಲದ ಹುಡುಗ ಸನಿಕೆಯನ್ನು ಹೆಗಲ ಮೇಲಿಟ್ಟುಕೊಂಡು ಬದುವಿನ ಮೇಲೆ ಬಂದನು. ಮೊದಲಿನಂತೆ ಮಾತು ಕೂಡಿರಲಿಲ್ಲ. ಮುಂದೆ ನಾಲ್ಕು ಹೆಜ್ಜೆ ಹೋದವನು ನಿಂತನು.

"ಹಳೇ ಮೋಟಾರು ಸಿಕ್ಕಲೇ ಇಲ್ಲವೇನಜ್ಜಿ?"

"ಇಲ್ಲ ಮಗ."

"ಠಾಣೇಲಿ ನನಗೆ ನಿನ್ನ ದೂರು ಓದಿ ಹೇಳಿದರು. ಗುಮಾನಿ ಅಂತ ಮಾತ್ರ ಬರೆಸಿದ್ದೆ."

"ಕಂಡಿರಲಿಲ್ಲವಲ್ಲ" ಎಂದು ಆಕೆ ಸಂಚಿಯ ಬಾಯಿ ಬಿಗಿದಳು.

ಹುಡುಗ ಸನಿಕೆಯನ್ನು ಇಳಿಸಿ ಸ್ವಲ್ಪ ದೂರದಲ್ಲಿ, ಅದೇ ಬದುವಿನ ಮೇಲೆ ಕುಳಿತನು.